ಚಿಮಣಿಯಲ್ಲ, ಶಿಮೇ: ದಾವಣಗೆರೆಯಲ್ಲಿ ಟ್ರಾಪಿಸ್ಟ್ ಬಿಯರ್ ಗಿಫ್ಟ್ ಪ್ಯಾಕ್ ಹುಡುಕಿದ್ದು

ನನ್ನ ಅಕ್ಕನ ಗಂಡ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಮೂರು ವರ್ಷ ಕೆಲಸ ಮಾಡಿ ಊರಿಗೆ ಮರಳಿದವರು. ಅಲ್ಲಿಂದ ಅವರು ಕಲಿತು ಬಂದ ಅಭ್ಯಾಸಗಳಲ್ಲಿ ಎರಡು ಮಾತ್ರ ಇಂದಿಗೂ ಉಳಿದಿವೆ: ಹೇಳಿದ ಹೊತ್ತಿಗಿಂತ ಐದು ನಿಮಿಷ ಮುಂಚೆಯೇ ಬಂದು ಬಾಗಿಲು ತಟ್ಟುವುದು ಒಂದಾದರೆ, ಬಿಯರ್ ಎಂದರೆ ಟ್ರಾಪಿಸ್ಟ್, ಉಳಿದದ್ದೆಲ್ಲ ಬಣ್ಣದ ನೀರು ಎಂದು ವಾದಿಸುವುದು ಇನ್ನೊಂದು. ಅವರ ಐವತ್ತನೆಯ ಹುಟ್ಟುಹಬ್ಬಕ್ಕೆ ಏನು ಕೊಡಲಿ ಎಂದು ಕೇಳಿದಾಗ ಅಕ್ಕ, "ಬಟ್ಟೆ ಬ್ಯಾಡ, ವಾಚ್ ಬ್ಯಾಡ, ಆ ಸನ್ಯಾಸಿಗಳ ಬಿಯರ್ ಎಲ್ಲಾದ್ರೂ ಸಿಕ್ರೆ ತಗೊಂಬಾ, ದಿನಾ ಅದರ ಹೆಸರು ಕೇಳಿ ನಂಗೂ ಸಾಕಾಗೈತೆ" ಎಂದಳು. ಹೀಗೆ ಆರಂಭವಾದ ಹುಡುಕಾಟದಲ್ಲಿ ನಾನು ದಾವಣಗೆರೆಯ ನಾಲ್ಕು ಅಂಗಡಿಗಳನ್ನೂ ಬೆಂಗಳೂರಿನ ಒಂದು ಅಂಗಡಿಯನ್ನೂ ಹತ್ತಿಳಿದೆ. ಆ ಅಂಗಡಿಗಳ ಬಗ್ಗೆ, ಕೊನೆಗೆ ಕೈಗೆ ಬಂದ ಪೆಟ್ಟಿಗೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಸಿಗದಿರುವುದಕ್ಕಿಂತ ದೊಡ್ಡ ತೊಡಕು ಹೆಸರಿನದು ಎಂಬುದು ಎರಡನೆಯ ಅಂಗಡಿಯಲ್ಲೇ ಗೊತ್ತಾಗಿತ್ತು.

ಮೊದಲು ಆ ಹೆಸರನ್ನೇ ನೋಡೋಣ. ಟ್ರಾಪಿಸ್ಟ್ ಎಂಬುದು ಲಾಗರ್, ಸ್ಟೌಟ್ ಎಂಬಂತೆ ಬಿಯರಿನ ಒಂದು ಬಗೆಯಲ್ಲ. ಅದನ್ನು ಯಾರು, ಎಲ್ಲಿ ತಯಾರಿಸುತ್ತಾರೆ ಎಂಬುದನ್ನು ಹೇಳುವ ಹೆಸರು. ಕ್ರೈಸ್ತರ ಸಿಸ್ಟರ್ಸಿಯನ್ ಪಂಥದಲ್ಲಿ ಕಟ್ಟುನಿಟ್ಟಿನ ಆಚರಣೆಯ ಶಾಖೆಯೊಂದಿದೆ. 1664ರಲ್ಲಿ ಫ್ರಾನ್ಸಿನ ನಾರ್ಮಂಡಿ ಪ್ರಾಂತ್ಯದ ಲಾ ಟ್ರಾಪ್ ಎಂಬ ಮಠದಲ್ಲಿ ನಡೆದ ಸುಧಾರಣೆಯಿಂದ ಹುಟ್ಟಿದ ಶಾಖೆಯಾದ್ದರಿಂದ ಅದರ ಸನ್ಯಾಸಿಗಳನ್ನು ಟ್ರಾಪಿಸ್ಟರು ಎನ್ನುತ್ತಾರೆ. ತಮ್ಮ ಕೈಯ ದುಡಿಮೆಯಿಂದಲೇ ಹೊಟ್ಟೆ ಹೊರೆಯಬೇಕು ಎಂಬುದು ಅವರು ಪಾಲಿಸುವ ಸಂತ ಬೆನೆಡಿಕ್ಟರ ನಿಯಮ. ಹಾಗಾಗಿ ಕೆಲವು ಮಠಗಳು ಚೀಸ್ ಮಾಡಿದರೆ ಕೆಲವು ಬಿಯರ್ ಮಾಡುತ್ತವೆ. ಈ ಹೆಸರನ್ನು ಕಂಡಕಂಡವರು ಬಳಸಿಕೊಳ್ಳತೊಡಗಿದಾಗ 1997ರಲ್ಲಿ ಎಂಟು ಮಠಗಳು ಸೇರಿ ಒಂದು ಅಂತರರಾಷ್ಟ್ರೀಯ ಸಂಘ ಕಟ್ಟಿಕೊಂಡವು. 'ಅಥೆಂಟಿಕ್ ಟ್ರಾಪಿಸ್ಟ್ ಪ್ರಾಡಕ್ಟ್' ಎಂದು ಬರೆದ ಷಟ್ಕೋನದ ಮುದ್ರೆ ಆ ಸಂಘದ್ದೇ. ಮಠದ ಗೋಡೆಯೊಳಗೆ ಅಥವಾ ಅದಕ್ಕೆ ತೀರ ಹತ್ತಿರದಲ್ಲಿ ತಯಾರಾಗಿರಬೇಕು, ಸನ್ಯಾಸಿಗಳ ಮೇಲ್ವಿಚಾರಣೆ ಇರಬೇಕು, ಬಂದ ಲಾಭ ಮಠದ ಖರ್ಚು ಕಳೆದು ದಾನಧರ್ಮಕ್ಕೆ ಸಲ್ಲಬೇಕು ಎಂಬ ಷರತ್ತುಗಳನ್ನು ಪೂರೈಸಿದರೆ ಮಾತ್ರ ಆ ಮುದ್ರೆ ಸಿಗುತ್ತದೆ.

ಕಾಯಕ, ದಾಸೋಹ ಎಂಬ ಮಾತುಗಳನ್ನು ಬಾಲ್ಯದಿಂದ ಕೇಳುತ್ತ ಬೆಳೆದ ನಮ್ಮ ಸೀಮೆಯವರಿಗೆ ಈ ಏರ್ಪಾಡನ್ನು ವಿವರಿಸುವುದು ಕಷ್ಟವಾಗಬಾರದು. ಆದರೆ ಆ ಕಾಯಕದ ಫಲ ಮದ್ಯ ಎಂದ ಕೂಡಲೇ ಕೇಳುವವರ ಮುಖ ಬದಲಾಗುತ್ತದೆ. ನನ್ನ ಸ್ನೇಹಿತರೊಬ್ಬರು ಇದನ್ನು ತಮಾಷೆಗೆ 'ಮಠದ ಬಿಯರ್' ಎಂದು ಕರೆದದ್ದು ನನಗೆ ಸರಿಕಾಣಲಿಲ್ಲ. ಒಂದು ಕಡೆ ಸಿರಿಗೆರೆ, ಇನ್ನೊಂದು ಕಡೆ ಚಿತ್ರದುರ್ಗ ಇರುವ ಈ ಭಾಗದಲ್ಲಿ ಮಠ ಎಂದರೆ ಓದಲು ಹಾಕಿದ, ಅನ್ನ ಇಟ್ಟ ಜಾಗ. ಆ ಪದವನ್ನು ಬಾಟಲಿಗೆ ಅಂಟಿಸಿದರೆ ಒಂದು ಅಪಾರ್ಥವಂತೂ ಖಚಿತ. ಟ್ರಾಪಿಸ್ಟ್ ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಂಡು, ಕೇಳಿದವರಿಗೆ 'ಕ್ರೈಸ್ತ ಸನ್ಯಾಸಿಗಳು ಮಾಡುವ ಬಿಯರ್' ಎಂದು ಬಿಡಿಸಿ ಹೇಳುವುದು ಲೇಸು.

ನಾನು ಹೊಕ್ಕ ಮೊದಲ ಅಂಗಡಿ ಪಿ.ಬಿ. ರಸ್ತೆಯ ಬದಿಯದು. ಕಬ್ಬಿಣದ ಜಾಲರಿ, ಅದರಲ್ಲಿ ಕೈ ಹಾಯುವಷ್ಟು ಕಿಂಡಿ, ಕಿಂಡಿಯ ಮುಂದೆ ಚಿಲ್ಲರೆ ಹಿಡಿದು ನಿಂತ ಕ್ವಾರ್ಟರ್ ಗಿರಾಕಿಗಳು. ಇಂಥಲ್ಲಿ ನಿಂತು "ಟ್ರಾಪಿಸ್ಟ್ ಬಿಯರ್ ಇದೆಯಾ?" ಎಂದು ಕೇಳಿದ್ದು ನನ್ನದೇ ತಪ್ಪು. ಒಳಗಿದ್ದ ಹುಡುಗ ಅದನ್ನು 'ಟ್ರಾಪಿಕಲ್' ಎಂದು ಕೇಳಿಸಿಕೊಂಡು, ಹಣ್ಣಿನ ರುಚಿಯ ಕಿತ್ತಳೆ ಬಣ್ಣದ ಬಾಟಲಿಯೊಂದನ್ನು ಕಿಂಡಿಯಲ್ಲಿ ಇಟ್ಟ. ಅವನನ್ನು ದೂರುವಂತಿಲ್ಲ. ಅಲ್ಲಿಂದ ಬೇಗನೆ ಹೊರಟೆ.

ಎರಡನೆಯದು ವಿದ್ಯಾನಗರದ ಕಡೆಯ ಹವಾನಿಯಂತ್ರಿತ ಮಳಿಗೆ. ಒಳಗೆ ಓಡಾಡಿ, ಬಾಟಲಿ ಎತ್ತಿ, ಲೇಬಲ್ ಓದಿ ನೋಡಬಹುದು, ಯಾರೂ ಅವಸರಪಡಿಸುವುದಿಲ್ಲ. 'ಇಂಪೋರ್ಟೆಡ್' ಎಂದು ಬರೆದ ಒಂದು ಅಡ್ಡ ಹಲಗೆಯಲ್ಲಿ ಮೆಕ್ಸಿಕೋದ, ಹಾಲೆಂಡಿನ ಬಿಯರುಗಳ ಪಕ್ಕದಲ್ಲಿ ಬೆಲ್ಜಿಯಂ ಮೂಲದ ಗೋಧಿ ಬಿಯರ್ ಇತ್ತು, ಟ್ರಾಪಿಸ್ಟ್ ಇರಲಿಲ್ಲ. ಕೌಂಟರಿನಲ್ಲಿದ್ದ ಹಿರಿಯರು ಮಾತ್ರ ನನ್ನ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಂಡರು. "ಸರ್, ನೀವು ಹೇಳೋದು ನಂಗೆ ಗೊತ್ತೈತೆ, ಬೆಂಗಳೂರಲ್ಲಿ ನೋಡೀನಿ. ಇಲ್ಲಿ ತರಿಸಿದ್ರೆ ಒಂದು ಕೇಸ್ ತರಿಸ್ಬೇಕು. ನೀವೊಬ್ರು ಒಂದು ತಗೊಂಡು ಹೋಗ್ತೀರಿ, ಉಳಿದಿದ್ದನ್ನ ನಾನು ದಿನಾ ಒರೆಸ್ಕೊಂಡು ಕೂತಿರಬೇಕು" ಎಂದರು. ನಾಲ್ಕೂ ಅಂಗಡಿಗಳಲ್ಲಿ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಉತ್ತರ ಇದೇ.

ಅವರ ಮಾತಿನ ಹಿಂದಿರುವ ವ್ಯವಸ್ಥೆಯನ್ನು ಗಿರಾಕಿಗಳು ತಿಳಿದಿದ್ದರೆ ಅಂಗಡಿಯವರ ಮೇಲೆ ಸುಮ್ಮನೆ ರೇಗುವುದು ತಪ್ಪುತ್ತದೆ. ನಮ್ಮ ರಾಜ್ಯದಲ್ಲಿ ಮದ್ಯದ ಸಗಟು ವ್ಯಾಪಾರವೆಲ್ಲ 2003ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಪಾನೀಯ ನಿಗಮದ ಮೂಲಕವೇ ನಡೆಯಬೇಕು. ಚಿಲ್ಲರೆ ಅಂಗಡಿಯವರು ನಿಗಮದ ಡಿಪೊಗೆ ಇಂಡೆಂಟ್ ಹಾಕಿ ಮಾಲು ಎತ್ತುತ್ತಾರೆಯೇ ಹೊರತು, ಮುಂಬೈಯಿಂದಲೋ ಗೋವಾದಿಂದಲೋ ತಮಗೆ ಬೇಕಾದ ಪೆಟ್ಟಿಗೆಯನ್ನು ನೇರವಾಗಿ ತರಿಸಿಕೊಳ್ಳುವಂತಿಲ್ಲ. ವಿದೇಶಿ ಬಿಯರಿಗೆ ಆಮದು ಸುಂಕ ಬಿದ್ದು, ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ ಸೇರಿ ಬೆಲೆ ಏರಿದ ಮೇಲೆ, 650 ಮಿಲಿ ಬಾಟಲಿಗೆ ಒಗ್ಗಿಹೋದ ಊರಿನಲ್ಲಿ 330 ಮಿಲಿಯ ಪಿಂಟ್ ಬಾಟಲಿಗೆ ಅದರ ಹಲವು ಪಟ್ಟು ಕೊಡುವವರು ಎಷ್ಟು ಜನ? ದಾವಣಗೆರೆಯಲ್ಲಿ ಸಿಗದಿರುವುದಕ್ಕೆ ಕಾರಣ ಇಷ್ಟೇ.

ಮೂರನೆಯ ಅಂಗಡಿಯಲ್ಲಿ ನಾನು ಮೋಸ ಹೋಗುವುದರಲ್ಲಿದ್ದೆ. ಅಂಗಡಿಯ ಹೆಸರು ಬೇಡ. ನನ್ನ ಮಾತು ಮುಗಿಯುವ ಮೊದಲೇ ಮಾಲೀಕರು "ಐತೆ ಸರ್, ಟ್ರಾಪಿಸ್ಟ್ ಗಿಫ್ಟ್ ಬಾಕ್ಸು, ಫುಲ್ ಒರಿಜಿನಲ್" ಎಂದು ಮೇಲಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿ, ಕರವಸ್ತ್ರದಿಂದ ದೂಳು ಹೊಡೆದು ಮುಂದಿಟ್ಟರು. ಪೆಟ್ಟಿಗೆಯ ಮೇಲೆ ಚರ್ಚಿನ ಗೋಪುರ, ನಡುನೆತ್ತಿ ಬೋಳಿಸಿದ ದುಂಡು ಮುಖದ ಸನ್ಯಾಸಿ, ಬಂಗಾರದ ಬಣ್ಣದ ಅಕ್ಷರ, ನಾಲ್ಕು ಬಾಟಲಿ, ಒಂದು ಗ್ಲಾಸು. ನೋಡಿದರೆ ಯಾರಿಗಾದರೂ ಇದೇ ಎನ್ನಿಸಬೇಕು. ಆದರೆ ಪೆಟ್ಟಿಗೆಯ ನಾಲ್ಕು ಮಗ್ಗುಲನ್ನೂ ತಿರುಗಿಸಿ ನೋಡಿದರೂ ಟ್ರಾಪಿಸ್ಟ್ ಎಂಬ ಪದ ಎಲ್ಲಿಯೂ ಇರಲಿಲ್ಲ, ಷಟ್ಕೋನವೂ ಇರಲಿಲ್ಲ. ಇದ್ದದ್ದು 'ಅಬ್ಬೆ' ಎಂಬ ಪದ. ಅದನ್ನು ತೋರಿಸಿದಾಗ ಮಾಲೀಕರು, "ಎಲ್ಲಾ ಒಂದೇ ಸರ್, ಸಾಮಿಗಳು ಮಾಡೋದೇ" ಎಂದು ನಕ್ಕರು.

ಎಲ್ಲ ಒಂದೇ ಅಲ್ಲ. ಅಬ್ಬೆ ಎಂದರೆ ಇಂಗ್ಲಿಷಿನಲ್ಲಿ ಕ್ರೈಸ್ತ ಮಠ. (ನಮ್ಮ ಮಡಿಕೇರಿಯ ಅಬ್ಬಿ ಜಲಪಾತದ ಫಲಕಗಳಲ್ಲೂ ಇಂಗ್ಲಿಷಿನಲ್ಲಿ ಈ ಪದವೇ ಕೂತುಬಿಟ್ಟು, ಅಲ್ಲೊಂದು ಚರ್ಚು ಹುಡುಕುವ ಪ್ರವಾಸಿಗರನ್ನು ನಾನೇ ಕಂಡಿದ್ದೇನೆ, ಅಬ್ಬಿ ಎಂದರೆ ಅಲ್ಲಿಯ ಜನರ ಮಾತಿನಲ್ಲಿ ಜಲಪಾತ ಎಂದೇ ಅರ್ಥ.) ಅಬ್ಬೆ ಬಿಯರ್ ಎನಿಸಿಕೊಂಡವುಗಳಲ್ಲಿ ಹೆಚ್ಚಿನವನ್ನು ವಾಣಿಜ್ಯ ಕಂಪನಿಗಳೇ ತಯಾರಿಸುತ್ತವೆ, ಮಠದ ಹೆಸರು ಬಳಸಲು ಅನುಮತಿ ಪಡೆದಿರುವುದೂ ಉಂಟು, ಮಠ ಎಂದೋ ಪಾಳುಬಿದ್ದಿರುವುದೂ ಉಂಟು. ಪ್ರಸಿದ್ಧವಾದ ಲೆಫ್ ಬಿಯರನ್ನೇ ತೆಗೆದುಕೊಂಡರೆ, ಅದರ ಮೂಲ ಮಠ 1152ರಷ್ಟು ಹಳೆಯದು ನಿಜ. ಆದರೆ ಅದು ನಾರ್ಬರ್ಟೈನ್ ಎಂಬ ಬೇರೆ ಕ್ರೈಸ್ತ ಪಂಥದ್ದು, ಬಿಯರ್ ಇಂದು ತಯಾರಾಗುವುದು ಲ್ಯೂವೆನ್ ನಗರದ ದೊಡ್ಡ ಕಾರ್ಖಾನೆಯಲ್ಲಿ. ಕುಡಿಯಲು ಅದು ಕೆಟ್ಟದ್ದೆಂದಲ್ಲ. ಆದರೆ ಟ್ರಾಪಿಸ್ಟ್ ಎಂದು ಕೇಳಿದವನಿಗೆ ಅದನ್ನು ಕೊಡುವುದು, ಇಳಕಲ್ ಸೀರೆ ಕೇಳಿದವಳಿಗೆ ಇಳಕಲ್ ಅಂಚಿನ ಪಾಲಿಯೆಸ್ಟರ್ ಮಡಚಿ ಕೊಟ್ಟ ಹಾಗೆ. ನಾಲ್ಕನೆಯ ಅಂಗಡಿಯಲ್ಲಿ ಗ್ಲಾಸು ಸಹಿತವಾದ ವಿಸ್ಕಿ ಪೆಟ್ಟಿಗೆಗಳು ಮಾತ್ರ ಇದ್ದವು.

ಮುಂದಿನ ವಾರ ಬೇರೆ ಕೆಲಸಕ್ಕೆ ಬೆಂಗಳೂರಿಗೆ ಹೋದಾಗ, ಆಮದು ಮದ್ಯಕ್ಕೆ ಹೆಸರಾದ ಮಳಿಗೆಯೊಂದರ ತಣ್ಣನೆಯ ಕೋಣೆಯಲ್ಲಿ ಹುಡುಕಾಟ ಮುಗಿಯಿತು. ಮುಗಿಯುವ ಮುನ್ನ ಅಲ್ಲಿಯೂ ಹೆಸರು ಕಾಡಿತು. ನಾನು ಭಾವನಿಂದ ಕಲಿತಂತೆ ಬೆಲ್ಜಿಯಂನ ಒಂದು ಟ್ರಾಪಿಸ್ಟ್ ಬಿಯರಿನ ಹೆಸರು ಹಿಡಿದು "ಶಿಮೇ" ಎಂದೆ. ಸಹಾಯಕ ಇಲ್ಲ ಎಂದು ತಲೆಯಾಡಿಸಿದ. ಅಷ್ಟರಲ್ಲಿ ಅವನ ಬೆನ್ನ ಹಿಂದೆಯೇ ಪೆಟ್ಟಿಗೆ ಕಂಡು ಬೆರಳು ತೋರಿಸಿದರೆ, "ಓ, ಚಿಮಣಿ ಗಿಫ್ಟಾ ಸರ್?" ಎಂದ. ಇಂಗ್ಲಿಷ್ ಅಕ್ಷರಗಳನ್ನು ಇದ್ದಂತೆ ಓದಿದರೆ 'ಚಿಮಯ್' ಆಗುತ್ತದೆ, ಅದು ನಾಲ್ಕು ಬಾಯಿ ದಾಟುವಷ್ಟರಲ್ಲಿ ಸೀಮೆಎಣ್ಣೆಯ ಚಿಮಣಿಯಾಗಿದೆ. ಬಿಲ್ಲಿನಲ್ಲಿಯೂ ಹಾಗೆಯೇ ಮುದ್ರಿತವಾಗಿತ್ತು. ಆ ಬಿಲ್ಲನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಆದ್ದರಿಂದ ಅಂಗಡಿಗೆ ಹೋಗುವವರು ಎರಡು ಉಚ್ಚಾರಣೆಗಳನ್ನೂ ಇಟ್ಟುಕೊಂಡು ಹೋಗುವುದು ಒಳ್ಳೆಯದು. ಶಿಮೇ ಎಂದು ಕೇಳಿ ಇಲ್ಲವೆಂದರೆ ಚಿಮಯ್ ಎನ್ನಿ. ಉಳಿದ ಟ್ರಾಪಿಸ್ಟ್ ಬಿಯರುಗಳ ಪೈಕಿ ರೋಶ್‌ಫೋರ್ ಎಂಬುದನ್ನು ರೋಚೆಫೋರ್ಟ್ ಎಂದೂ, ವೆಸ್ಟ್‌ಮಾಲೆಯನ್ನು ವೆಸ್ಟ್‌ಮಾಲ್ ಎಂದೂ, ಲಾ ಟ್ರಾಪ್ ಎಂಬುದನ್ನು ಲಾ ಟ್ರಾಪ್ಪೆ ಎಂದೂ ಕೇಳಬೇಕಾದೀತು. ಓರ್ವಾಲ್ ಮಾತ್ರ ಯಾರ ಬಾಯಲ್ಲೂ ಕೆಡುವುದಿಲ್ಲ. ಬಾಯಲ್ಲಿ ಉಂಗುರ ಹಿಡಿದ ಮೀನಿನ ಚಿತ್ರ ಅದರ ಗುರುತು. ವೆಸ್ಟ್‌ಫ್ಲೆಟೆರೆನ್ ಎಂಬುದನ್ನು ಉಚ್ಚರಿಸುವ ಕಷ್ಟವೇ ಬೇಡ, ಏಕೆಂದರೆ ಆ ಮಠದವರು ತಮ್ಮ ಬಿಯರನ್ನು ಸಾಮಾನ್ಯವಾಗಿ ಅಂಗಡಿಗಳಿಗೆ ಕೊಡುವುದಿಲ್ಲ. ಮಠದ ಕಟ್ಟಡದ ದುರಸ್ತಿಗೆ ಹಣ ಕೂಡಿಸಲು ಆರು ಬಾಟಲಿ, ಎರಡು ಗ್ಲಾಸುಗಳ ಪೆಟ್ಟಿಗೆಯೊಂದನ್ನು 2012ರಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರಿದ್ದು ಅಪರೂಪದ ಅಪವಾದ. ನಮ್ಮ ಕಡೆ ಯಾರಾದರೂ ಅದನ್ನು ಕೌಂಟರಿನ ಕೆಳಗಿನಿಂದ ತೆಗೆದು ತೋರಿಸಿದರೆ ಹಣ ಕೊಡುವ ಮೊದಲು ಯೋಚಿಸಬೇಕು. ಟ್ರಾಪಿಸ್ಟ್ ಬಿಯರುಗಳ ಹಳೆಯ ಪಟ್ಟಿಗಳನ್ನು ನಂಬಿಕೊಂಡು ಹೋಗುವುದೂ ಸರಿಯಲ್ಲ: ಆಖೆಲ್ ಮಠದಲ್ಲಿ ಸನ್ಯಾಸಿಗಳೇ ಉಳಿಯದ ಕಾರಣ ಅದರ ಬಿಯರ್ 2021ರಲ್ಲಿ ಷಟ್ಕೋನದ ಮುದ್ರೆಯನ್ನು ಕಳೆದುಕೊಂಡಿತು, ಅಮೆರಿಕದ ಸ್ಪೆನ್ಸರ್ ಮಠ 2022ರಲ್ಲಿ ಬಿಯರ್ ತಯಾರಿಯನ್ನೇ ನಿಲ್ಲಿಸಿತು.

ಬಾಟಲಿಯ ಮೇಲಿನ ಅಂಕಿಗಳೂ ದಾರಿ ತಪ್ಪಿಸುತ್ತವೆ. ರೋಶ್‌ಫೋರ್ 6, 8, 10 ಎಂಬುದನ್ನು ನೋಡಿ ಶೇಕಡಾ ಲೆಕ್ಕ ಎಂದುಕೊಳ್ಳುವವರೇ ಹೆಚ್ಚು. ಬೆಂಗಳೂರಿನ ಸಹಾಯಕನೂ ಹಾಗೆಂದೇ ಹೇಳಿದ. ಅವು ಕುದಿಸಿದ ಮಾಲ್ಟ್ ರಸದ ಸಾಂದ್ರತೆಯನ್ನು ಅಳೆಯುವ ಬೆಲ್ಜಿಯಂನ ಹಳೆಯ ಮಾನದ ಅಂಕಿಗಳು. ನಿಜವಾದ ಆಲ್ಕೋಹಾಲ್ ಪ್ರಮಾಣ ಕ್ರಮವಾಗಿ ಶೇ. 7.5, 9.2 ಮತ್ತು 11.3. ಶಿಮೇಯ ಮುಖ್ಯ ಬಗೆಗಳಲ್ಲಿ ಅಂಕಿಗಳಿಲ್ಲ, ಬಣ್ಣಗಳಿವೆ: ಕೆಂಪು ಶೇ. 7, ಬಿಳಿ ಶೇ. 8, ನೀಲಿ ಶೇ. 9. ಆದರೆ ಇದೇ ಬಿಯರುಗಳು 750 ಮಿಲಿಯ ದೊಡ್ಡ ಬಾಟಲಿಗೆ ಹೋದಾಗ ಪ್ರಮಿಯೆರ್, ಸ್ಯಾಂಕ್ ಸಾಂ, ಗ್ರಾಂದ್ ರೆಜರ್ವ್ ಎಂಬ ಬೇರೆ ಹೆಸರುಗಳನ್ನು ಹೊತ್ತು ಬಂದಿವೆ. ಸ್ಯಾಂಕ್ ಸಾಂ ಎಂದರೆ ಐನೂರು. ಶಿಮೇ ಸಂಸ್ಥಾನಕ್ಕೆ ಐನೂರು ವರ್ಷ ತುಂಬಿದ 1986ರ ನೆನಪಿನದು. ನೀಲಿಯನ್ನು ಮೊದಲೇ ಕೊಂಡವರು ಗ್ರಾಂದ್ ರೆಜರ್ವ್ ಎಂಬುದನ್ನು ಹೊಸ ಬಿಯರೆಂದು ಭಾವಿಸಿ ಮತ್ತೆ ಹಣ ಕೊಟ್ಟರೆ ಆಶ್ಚರ್ಯವಿಲ್ಲ.

ಇನ್ನು ನಾನು ಕೊಂಡ ಪೆಟ್ಟಿಗೆ. ಕೆಂಪು, ಬಿಳಿ, ನೀಲಿ ಮೂರು ಬಗೆಯ 330 ಮಿಲಿ ಬಾಟಲಿ ಒಂದೊಂದು, ಜೊತೆಗೆ ಅಗಲ ಬಾಯಿಯ, ದಪ್ಪ ಕಾಲಿನ ಒಂದು ಗ್ಲಾಸು. ಬೆಲೆ ನಮ್ಮೂರಿನ ಸಾಮಾನ್ಯ ಬಿಯರಿನ ಒಂದು ಕೇಸಿಗೆ ಹತ್ತಿರ ಹತ್ತಿರ. ಒಂದು ಲೀಟರೂ ತುಂಬದ ಬಿಯರಿಗೆ ಇಷ್ಟು ಕೊಟ್ಟೆ ಎಂದು ಅಕ್ಕನಿಗೆ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಕೊಳ್ಳುವ ಮೊದಲು ಮಳಿಗೆಯವರ ಅನುಮತಿ ಕೇಳಿ ಪೆಟ್ಟಿಗೆ ತೆರೆಸಿದೆ. ಆಮದುದಾರರ ಹೆಸರು, ವಿಳಾಸ, ಆಮದಾದ ತಿಂಗಳು, ಎಂಆರ್‌ಪಿ, ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ, ಮದ್ಯಪಾನದ ಎಚ್ಚರಿಕೆ ಇಷ್ಟೂ ಇರುವ ಬಿಳಿ ಚೀಟಿ ಪೆಟ್ಟಿಗೆಯ ಮೇಲಷ್ಟೇ ಅಲ್ಲದೆ ಪ್ರತಿ ಬಾಟಲಿಯ ಹಿಂಬದಿಯಲ್ಲೂ ಇತ್ತು. ಷಟ್ಕೋನದ ಮುದ್ರೆ ಎರಡು ಬಾಟಲಿಗಳಲ್ಲಿ ಸ್ಪಷ್ಟವಾಗಿ ಕಂಡಿತು. ಮೂರನೆಯದರಲ್ಲಿ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಆ ಬಿಳಿ ಚೀಟಿಯ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದರೆ ಅದರಡಿಯಲ್ಲೇ ಮುದುಡಿ ಕೂತಿತ್ತು. ಅಸಲಿ ಎಂಬುದಕ್ಕಿರುವ ಏಕೈಕ ಗುರುತಿನ ಮೇಲೆಯೇ ಚೀಟಿ ಅಂಟಿಸುವುದನ್ನು ಏನೆನ್ನುವುದೋ ತಿಳಿಯದು.

ಪೆಟ್ಟಿಗೆಯ ರಟ್ಟು ತೆಳುವಾಗಿದ್ದು ಗ್ಲಾಸಿನ ಸುತ್ತ ಒಂದೇ ಪದರವಿತ್ತು. ಸುಮಾರು 260 ಕಿಲೋಮೀಟರ್ ದೂರದ ಊರಿಗೆ ಮೇ ತಿಂಗಳ ಬಿಸಿಲಿನಲ್ಲಿ ಡಿಕ್ಕಿಯಲ್ಲಿಟ್ಟು ತರುವುದು ಬೇಡವೆನಿಸಿ, ಹಿಂದಿನ ಸೀಟಿನ ಕಾಲಡಿಯಲ್ಲಿ ಟವೆಲ್ ಸುತ್ತಿ ನಿಲ್ಲಿಸಿ ತಂದೆ. ಮಲಗಿಸಿ ತರಬಾರದು ಎಂಬುದಕ್ಕೆ ಕಾರಣವಿದೆ: ಈ ಬಿಯರುಗಳು ಬಾಟಲಿಯೊಳಗೆ ಇನ್ನೊಮ್ಮೆ ಹುದುಗುವಂತೆ ಯೀಸ್ಟ್ ಸಹಿತ ಮುಚ್ಚಲ್ಪಟ್ಟಿರುತ್ತವೆ, ಆ ಯೀಸ್ಟ್ ತಳದಲ್ಲಿ ತೆಳ್ಳನೆಯ ಗಷ್ಟಾಗಿ ಕೂರುತ್ತದೆ.

ಈ ಎಲ್ಲ ಎಚ್ಚರಿಕೆಯ ನಂತರವೂ ತಪ್ಪು ನಡೆದೇ ಹೋಯಿತು. ಹುಟ್ಟುಹಬ್ಬದ ಸಂಜೆ ನೆಂಟರೊಬ್ಬರು ಉತ್ಸಾಹದಿಂದ ಕೆಂಪು ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು, ನಮ್ಮ ಬಿಯರಿನಂತೆ ಒಮ್ಮೆಲೇ ತಲೆಕೆಳಗು ಮಾಡಿ ಸುರಿದರು. ನೊರೆ ಉಕ್ಕಿ ಮೇಜಿನ ಬಟ್ಟೆ ನೆನೆಯಿತು, ಗ್ಲಾಸಿನಲ್ಲಿ ಉಳಿದದ್ದು ರಾಡಿ ಬಣ್ಣದ್ದು. ಭಾವ ಒಂದು ಮಾತೂ ಆಡದೆ ಉಳಿದೆರಡು ಬಾಟಲಿಗಳನ್ನು ತಮ್ಮ ಬಳಿಗೆ ಎಳೆದುಕೊಂಡರು. ನೀಲಿಯನ್ನು ಅರ್ಧ ಗಂಟೆ ಹೊರಗಿಟ್ಟು ಚಳಿ ಬಿಡಿಸಿದರು. ಫ್ರಿಜ್ಜಿನ ತಣ್ಣಗಿನಲ್ಲಿ ಇದರ ರುಚಿ ಕಟ್ಟಿಹೋಗಿರುತ್ತದೆ, ಹತ್ತು ಹನ್ನೆರಡು ಡಿಗ್ರಿ ಇದಕ್ಕೆ ಸರಿ ಎಂದರು. ಆಮೇಲೆ ಗ್ಲಾಸನ್ನು ಓರೆ ಹಿಡಿದು, ಎಣ್ಣೆ ಬಗ್ಗಿಸುವ ಹಾಗೆ ನಿಧಾನವಾಗಿ ಸುರಿದು, ಕೊನೆಯ ಬೆರಳಗಲವನ್ನು ಬಾಟಲಿಯಲ್ಲೇ ಬಿಟ್ಟರು.

ಬಿಳಿ ಬಾಟಲಿಯದು ಹೆಸರಿಗೆ ಬಿಳಿಯಾದರೂ ಜೇನಿನ ಬಣ್ಣದ್ದು, ಒಣ ಕಹಿಯ ಹಿಂದೆ ಸ್ವಲ್ಪ ಹಣ್ಣಿನ ವಾಸನೆ. ಖಾರದ ಮಂಡಕ್ಕಿಯ ಜೊತೆ ಅದು ಚೆನ್ನಾಗಿ ಹೊಂದಿತು. ಮೆಣಸಿನಕಾಯಿ ಬಜ್ಜಿಯ ಜೊತೆ ಹೊಂದಲಿಲ್ಲ. ಮಿರ್ಚಿಯ ಉರಿಗೆ ಆಲ್ಕೋಹಾಲಿನ ಬಿಸಿ ಸೇರಿ ಗಂಟಲು ಸುಟ್ಟಂತಾಯಿತು. ನೀಲಿಯ ಕಥೆ ಬೇರೆ. ಕಡುಗಂದು ಬಣ್ಣ, ಒಣದ್ರಾಕ್ಷಿ ಮತ್ತು ಕುದಿಸಿದ ಬೆಲ್ಲದ ನೆನಪು ತರುವ ಘಮ, ನುಂಗಿದ ಮೇಲೆಯೂ ನಾಲಗೆಯ ಮೇಲೆ ಉಳಿಯುವ ಬೆಚ್ಚನೆ. ಅಕ್ಕ ಹಬ್ಬಕ್ಕೆಂದು ಮಾಡಿದ್ದ ಶೇಂಗಾ ಹೋಳಿಗೆಯ ಚೂರೊಂದನ್ನು ಅದರ ಜೊತೆ ತಿಂದು ನೋಡಿದೆ. ಬೆಲ್ಜಿಯಂನವರು ತಮ್ಮ ಚೀಸ್ ಜೊತೆ ಏನು ಪಡೆಯುತ್ತಾರೋ ಕಾಣೆ, ನನಗೆ ಇದಕ್ಕಿಂತ ಬೇರೆ ಬೇಕಿಲ್ಲ. ಕೆಂಪಿನ ಬಗ್ಗೆ ತೀರ್ಪು ಕೊಡುವಷ್ಟು ಅದು ಗ್ಲಾಸಿನಲ್ಲಿ ಉಳಿಯಲಿಲ್ಲ.

ಇದೇ ಪೆಟ್ಟಿಗೆಯನ್ನು ಮತ್ತೊಮ್ಮೆ ಕೊಳ್ಳುತ್ತೇನೆಯೇ ಎಂದರೆ, ಇಲ್ಲ. ಗ್ಲಾಸು ಚೆಂದವಿದೆ, ಉಡುಗೊರೆಯಾಗಿ ಕೊಡಲು ಗೌರವವಿದೆ. ಆದರೆ ಹಣದ ಒಂದು ದೊಡ್ಡ ಪಾಲು ಗ್ಲಾಸಿಗೂ ರಟ್ಟಿಗೂ ಹೋಗುತ್ತದೆ. ಬಿಡಿ ಬಾಟಲಿ ಸಿಗುವ ಕಡೆ ನೀಲಿಯನ್ನೇ ಎರಡು ಕೊಳ್ಳುವುದು ವಾಸಿ. ವಿದೇಶದಿಂದ ಬರುವ ನೆಂಟರಿದ್ದರೆ ಇನ್ನೂ ಸುಲಭ: ಪ್ರಯಾಣಿಕರೊಬ್ಬರು ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದು, 330 ಮಿಲಿಯ ಆರು ಬಾಟಲಿ ಸೇರಿದರೆ 1.98 ಲೀಟರ್.

ವಿದ್ಯಾನಗರದ ಆ ಹಿರಿಯರ ಅಂಗಡಿಗೆ ಮೊನ್ನೆ ಮತ್ತೆ ಹೋಗಿದ್ದೆ. ಶಿಮೇ, ರೋಶ್‌ಫೋರ್, ವೆಸ್ಟ್‌ಮಾಲೆ ಎಂದು ಕನ್ನಡದಲ್ಲಿ ಬರೆದು, ಪಕ್ಕದಲ್ಲೊಂದು ಷಟ್ಕೋನದ ಚಿತ್ರ ಬಿಡಿಸಿ ನಾನು ಕೊಟ್ಟಿದ್ದ ಚೀಟಿಯನ್ನು ಅವರು ಕೌಂಟರಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. "ಇನ್ನಿಬ್ರು ಕೇಳಲಿ ಸರ್, ಮೂರ್ ಜನ ಆದ್ರೆ ಇಂಡೆಂಟ್ ಹಾಕೇಬಿಡ್ತೀನಿ" ಎಂದರು. ಸದ್ಯಕ್ಕೆ ಆ ಪಟ್ಟಿಯಲ್ಲಿರುವುದು ನಾನೊಬ್ಬನೇ.